ಮುಚ್ಚಿದ ಡ್ರೈವರ್, ಬದಲಾಗುವ ಕರ್ನಲ್: ನಾನು ಬಳಸಿ ನೋಡಿದ ಮೂರು ವ್ಯವಸ್ಥೆಗಳು

ತುಮಕೂರಿನಲ್ಲಿ ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವ ಗೆಳೆಯರ ಸ್ಟುಡಿಯೊದ ಲಿನಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾ, ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ ಮೂರು ಬಗೆಯ ವ್ಯವಸ್ಥೆಗಳನ್ನು ಪರೀಕ್ಷಿಸಿದ್ದೇನೆ.

ಮೊದಲನೆಯದು, ಮೇಲಿಂದ ಮೇಲೆ ಹೊಸ ಕರ್ನಲ್ (ಹಾರ್ಡ್‌ವೇರನ್ನು ನಿಯಂತ್ರಿಸುವ ಲಿನಕ್ಸ್‌ನ ತಿರುಳು) ಕೊಡುವ ಲಿನಕ್ಸ್ ವಿತರಣೆಯಲ್ಲಿ ಎನ್‌ವಿಡಿಯಾ ಕಾರ್ಡಿನ, ಮೂಲಸಂಕೇತ ಬಹಿರಂಗಪಡಿಸದ ಮುಚ್ಚಿದ ಡ್ರೈವರ್. ಲಿನಕ್ಸ್ ಕರ್ನಲ್ ಬಳಕೆದಾರರ ತಂತ್ರಾಂಶಗಳಿಗೆ ಒದಗಿಸುವ ಸಂಪರ್ಕವನ್ನು ಮುರಿಯದಂತೆ ಕಾಪಾಡುತ್ತದೆಯಾದರೂ, ತನ್ನ ಒಳಗೆ ಡ್ರೈವರುಗಳು ಕರೆಯುವ ಫಂಕ್ಷನ್ನುಗಳ ಬಗ್ಗೆ ಅಂಥ ಭರವಸೆ ಕೊಡುವುದಿಲ್ಲ. ಆದ್ದರಿಂದ ಮುಚ್ಚಿದ ಡ್ರೈವರಿನ ಜೊತೆ ಬರುವ ತೆಳುವಾದ ಮೂಲಸಂಕೇತದ ಪದರವನ್ನು ಪ್ರತಿ ಕರ್ನಲ್‌ಗೂ ಹೊಸದಾಗಿ ಕಂಪೈಲ್ ಮಾಡಬೇಕು, ಎಂದರೆ ಯಂತ್ರಭಾಷೆಗೆ ಪರಿವರ್ತಿಸಬೇಕು. ಈ ಕೆಲಸವನ್ನು ಡಿಕೆಎಂಎಸ್ ಎಂಬ ಸಾಧನ ತಾನಾಗಿ ಮಾಡುತ್ತದೆ. ಆದರೆ ಫಂಕ್ಷನ್ನಿನ ರೂಪವೇ ಬದಲಾಗಿದ್ದರೆ ಕಂಪೈಲ್ ವಿಫಲವಾಗಿ, ಹೊಂದುವ ಡ್ರೈವರ್ ಬರುವವರೆಗೆ ಹಳೆಯ ಕರ್ನಲ್‌ಗೆ ಮರಳಬೇಕಾಗುತ್ತದೆ. ಲಗ್ನದ ದಿನಗಳಲ್ಲಿ ಸ್ಟುಡಿಯೊಗೆ ಇದು ಸಹಿಸುವ ಮಾತಲ್ಲ.

ಎರಡನೆಯದು, ಅದೇ ಡ್ರೈವರನ್ನು ಡೆಬಿಯನ್ 12 ಎಂಬ ನಿಧಾನವಾಗಿ ಬದಲಾಗುವ ವಿತರಣೆಯಲ್ಲಿ ಹಾಕುವುದು. ಅಲ್ಲಿ ಕರ್ನಲ್ 6.1ರ ಸರಣಿಯಲ್ಲೇ ಉಳಿದು ಭದ್ರತೆಯ ಮತ್ತು ದೋಷಗಳ ತಿದ್ದುಪಡಿಗಳನ್ನಷ್ಟೇ ಪಡೆಯುವುದರಿಂದ, ಡ್ರೈವರುಗಳು ಬಳಸುವ ಒಳಸಂಪರ್ಕ ಬಹುಮಟ್ಟಿಗೆ ಕದಲುವುದಿಲ್ಲ. ಕರ್ನಲ್ ಕೊಡದ ಸ್ಥಿರತೆಯನ್ನು ಇಲ್ಲಿ ವಿತರಣೆಯೇ ಕೊಡುತ್ತದೆ. ಹೊಸ ಹಾರ್ಡ್‌ವೇರ್‌ಗೆ ಬೆಂಬಲ ತಡವಾಗುತ್ತದೆ, ಅಷ್ಟೆ.

ಮೂರನೆಯದು ಎಎಂಡಿ ಕಾರ್ಡ್. ಅದರ ಎಎಂಡಿಜಿಪಿಯು ಡ್ರೈವರ್ 2015ರ 4.2 ಆವೃತ್ತಿಯಿಂದ ಕರ್ನಲ್‌ನ ಮೂಲದೊಳಗೇ ಇದೆ. ಒಳಗಿನ ಫಂಕ್ಷನ್ ಬದಲಿಸುವವರೇ ಅದನ್ನು ಬಳಸುವ ಎಲ್ಲ ಡ್ರೈವರುಗಳನ್ನೂ ಸರಿಪಡಿಸಬೇಕೆಂಬುದು ಅಲ್ಲಿನ ಪದ್ಧತಿ. ಕರ್ನಲ್ ಅಭಿವರ್ಧಕ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅವರು ಕರ್ನಲ್‌ನ ದಾಖಲೆಯಲ್ಲೇ ಇದನ್ನು ವಿವರಿಸುತ್ತಾ, ಯುಎಸ್‌ಬಿ ಒಳಸಂಪರ್ಕವನ್ನು ಕನಿಷ್ಠ ಮೂರು ಬಾರಿ ಮರುರಚಿಸಿದ ಉದಾಹರಣೆ ಕೊಟ್ಟಿದ್ದಾರೆ. ಒಳಸಂಪರ್ಕವನ್ನು ಶಾಶ್ವತವಾಗಿ ಬಿಗಿದಿಟ್ಟಿದ್ದರೆ ಹಳೆಯ ದೋಷಗಳನ್ನೂ ಹೊತ್ತುಕೊಂಡೇ ಸಾಗಬೇಕಾಗಿತ್ತು ಎಂಬ ಅವರ ವಾದ ನನಗೆ ಒಪ್ಪಿಗೆಯಾಗಿದೆ. ಈ ಯಂತ್ರದಲ್ಲಿ ಕರ್ನಲ್ ಅಪ್‌ಡೇಟ್ ಬಂದಾಗ ಡ್ರೈವರಿನ ಯೋಚನೆಯನ್ನೇ ಮಾಡಬೇಕಾಗಿಲ್ಲ.

ಮೂಲ ತೆರೆದರೆ ಸಾಕೆಂದು ಹಲವರು ಭಾವಿಸುತ್ತಾರೆ. ಎನ್‌ವಿಡಿಯಾ 2022ರ ಮೇ ತಿಂಗಳಲ್ಲಿ ಟ್ಯೂರಿಂಗ್ ಮತ್ತು ನಂತರದ ಪೀಳಿಗೆಗಳ ಚಿಪ್ಪುಗಳಿಗೆ ಕರ್ನಲ್ ಮಾಡ್ಯೂಲುಗಳ (ಕರ್ನಲ್‌ಗೆ ಸೇರಿಕೊಳ್ಳುವ ಡ್ರೈವರ್ ಭಾಗಗಳ) ಮೂಲವನ್ನು ಬಿಡುಗಡೆ ಮಾಡಿದ್ದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಅವು ಕರ್ನಲ್‌ನ ಹೊರಗೇ ಇರುವುದರಿಂದ ಮರುಕಂಪೈಲ್ ತಪ್ಪುವುದಿಲ್ಲ. ಸಂಕೇತ ತೆರೆದಿದೆಯೇ ಎಂಬುದಕ್ಕಿಂತ ಅದು ಎಲ್ಲಿ ನೆಲೆಸಿದೆ ಎಂಬುದೇ ಇಲ್ಲಿ ಮುಖ್ಯ.

ಆದರೂ ಗ್ರಾಫಿಕ್ಸ್ ಚಿಪ್ಪಿನಲ್ಲಿ ಲೆಕ್ಕಾಚಾರ ನಡೆಸುವ ಎನ್‌ವಿಡಿಯಾದ ವ್ಯವಸ್ಥೆಯಾದ ಕುಡಾ (CUDA) ಬೇಡುವ ತಂತ್ರಾಂಶಗಳಿಗೆ ಎನ್‌ವಿಡಿಯಾ ಕಾರ್ಡೇ ಬೇಕು. ಹಾಗಾಗಿ ಅಂಥ ಕೆಲಸದ ಯಂತ್ರಕ್ಕೆ ಎರಡನೆಯ ವ್ಯವಸ್ಥೆಯನ್ನೂ, ಉಳಿದ ಎಲ್ಲ ಹೊಸ ಖರೀದಿಗಳಿಗೆ ಮೂರನೆಯದನ್ನೂ ಸ್ಟುಡಿಯೊಗೆ ಸೂಚಿಸಿದ್ದೇನೆ.