ಶಿವಮೊಗ್ಗದಲ್ಲಿ ನಾಲ್ವರು ಸೇರಿ ಬಾಡಿಗೆ ಮನೆ: ಎರಡು ಮಳೆಗಾಲ ಕಳೆದ ಮೇಲೆ ಬರೆದ ವಿಮರ್ಶೆ

ಬಾಡಿಗೆ ಮನೆಗೆ ಹೋದ ಮೊದಲ ತಿಂಗಳಲ್ಲಿ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಮಲೆನಾಡಿನ ಕಡೆ ಮನೆ ಎಂಥದ್ದು ಅಂತ ಹೇಳಬೇಕಾದರೆ ಒಂದು ಮಳೆಗಾಲವಾದರೂ ಅದರೊಳಗೆ ಇದ್ದಿರಬೇಕು. ನಾವು ಎರಡು ಮಳೆಗಾಲ ಇದ್ದೇವೆ. ಗೆಳತಿಯರ ಜೊತೆ ಮೊದಲ ಸಲ ಮನೆ ಮಾಡುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮನೆ ಇರುವುದು ವಿನೋಬನಗರದಲ್ಲಿ. ಮೊದಲ ಮಹಡಿ, ಎರಡು ಬೆಡ್‌ರೂಮು, ಹಾಲ್, ಅಡುಗೆಮನೆ, ಮೇಲೆ ಟೆರೇಸ್. ಕೆಳಗೆ ಓನರ್ ಇದ್ದಾರೆ. ನಾವು ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಸೊರಬದ ಹುಡುಗಿಯರು. ಒಬ್ಬಳು ನರ್ಸ್. ಇನ್ನೊಬ್ಬಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ನನಗೂ ಉಳಿದವಳಿಗೂ ಪೇಟೆಯಲ್ಲೇ ಕೆಲಸ. ಬಾಡಿಗೆ 12,000, ಅಡ್ವಾನ್ಸ್ 60,000. ಅಂದರೆ ಐದು ತಿಂಗಳ ಬಾಡಿಗೆಯಷ್ಟು. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳಬಾರದು ಅಂತಿದೆ. ಆದರೆ ಅದು ಮಾದರಿ ಮಾತ್ರ, ಆಯಾ ರಾಜ್ಯ ಒಪ್ಪಿ ಜಾರಿ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಚೌಕಾಸಿ ಒಂದೇ ದಾರಿ.

ಮನೆ ಹುಡುಕುವ ಕಷ್ಟ ಹೇಳಲೇಬೇಕು. "ಬರೀ ಹುಡುಗಿಯರಾ? ಜೊತೆಗೆ ದೊಡ್ಡವರು ಯಾರೂ ಇರಲ್ವಾ?" ಅಂತ ಕೇಳುತ್ತಾರೆ. ಆಮೇಲೆ "ಯಾವ ಜನ?" ಅಂತ. ಆಮೇಲೆ ಮೀನು, ಮಾಂಸದ ವಿಷಯ. ಒಂದು ಕಡೆ ಎಲ್ಲ ಒಪ್ಪಿ, ಕೀಲಿ ಕೊಡುವ ಹೊತ್ತಿಗೆ ನಮ್ಮ ಊಟದ ವಿಷಯ ತಿಳಿದು ಆಗಲ್ಲ ಅಂದರು. ತುಂಬಾ ನೋವಾಯಿತು. ದುಡ್ಡು ಕೊಟ್ಟು ಇರುವವರಿಗೆ ತಮ್ಮ ಒಲೆಯ ಮೇಲೆ ಏನು ಬೇಯಬೇಕು ಅನ್ನುವ ಹಕ್ಕು ಇರಬೇಕು. ಈಗಿನ ಓನರ್ ಆಂಟಿ ಕೇಳಿದ್ದು ಒಂದೇ, "ರಾತ್ರಿ ಗೇಟು ಹಾಕ್ಕೊಂಡು ಬರ್ತೀರಲ್ವೇನಮ್ಮಾ?"

ಕರಾರು 11 ತಿಂಗಳದ್ದು. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ ಎಲ್ಲ ಕಡೆ 11ಕ್ಕೆ ನಿಲ್ಲಿಸುತ್ತಾರೆ. ಕರಾರಿನಲ್ಲಿ ನಾಲ್ವರ ಹೆಸರೂ ಇರಲಿ ಅಂತ ಹಟ ಮಾಡಿ ಹಾಕಿಸಿದೆವು. ಒಬ್ಬರ ಹೆಸರಲ್ಲೇ ಇದ್ದರೆ, ಅವರು ಬಿಟ್ಟು ಹೋದ ದಿನ ಉಳಿದವರು ಬರೀ ಅತಿಥಿಗಳು. ಜೊತೆಗೆ ನಾವು ನಾವೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಂಡೆವು: ಬಿಡುವವರು ಎರಡು ತಿಂಗಳು ಮೊದಲೇ ಹೇಳಬೇಕು, ಅವರ ಪಾಲಿನ 15,000 ಅಡ್ವಾನ್ಸ್ ಹೊಸದಾಗಿ ಬರುವವರು ಕೊಡಬೇಕು. ಸ್ನೇಹಿತರ ನಡುವೆ ಸಹಿ ಯಾಕೆ ಅಂತ ಮನೆಯವರೆಲ್ಲ ಕೇಳಿದರು. ಕೊಪ್ಪದವಳಿಗೆ ಮದುವೆ ಗೊತ್ತಾದಾಗ ಆ ಹಾಳೆ ಇದ್ದದ್ದಕ್ಕೇ ಒಂದು ಮಾತೂ ಕೆಡಲಿಲ್ಲ. ಅವಳ ಜಾಗಕ್ಕೆ ಅವಳ ಚಿಕ್ಕಮ್ಮನ ಮಗಳೇ ಬಂದಳು.

ಇನ್ನು ಮಳೆಗಾಲ. ಶಿವಮೊಗ್ಗ ಪೇಟೆಯಲ್ಲಿ ಆಗುಂಬೆಯಷ್ಟು ಮಳೆ ಇಲ್ಲ, ನಿಜ. ಆದರೆ ಜುಲೈನಲ್ಲಿ ದಿನಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ. ನಮ್ಮ ಎರಡು ರೂಮಿನಲ್ಲಿ ಒಂದಕ್ಕೆ ಪಶ್ಚಿಮದ ಗೋಡೆ. ಬೇಸಿಗೆಯಲ್ಲಿ ನೋಡಿದಾಗ ಅದೇ ದೊಡ್ಡ ರೂಮು, ಒಳ್ಳೆ ಗಾಳಿ. ಮಳೆ ಹಿಡಿದ ಮೇಲೆ ಕಿಟಕಿಯಿಂದ ಎರಚಲು, ಗೋಡೆಯಲ್ಲಿ ತೇವ, ಬೀರುವಿನ ಹಿಂದೆ ಬೂಷ್ಟು. ಚಪ್ಪಲಿ, ಬ್ಯಾಗು, ಪುಸ್ತಕದ ರಟ್ಟು ಎಲ್ಲದರ ಮೇಲೂ ಬಿಳಿ ಪದರ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದ ಮೇಲೆ ಸ್ವಲ್ಪ ಕಮ್ಮಿಯಾಯಿತು. ಬಾಡಿಗೆ ಸಮಪಾಲು ಮಾಡುವುದು ನ್ಯಾಯ ಅಲ್ಲ ಅನ್ನಿಸಿ, ಆ ರೂಮಿನವರು 2,700, ಪೂರ್ವದ ರೂಮಿನವರು 3,300 ಅಂತ ಬದಲಾಯಿಸಿದೆವು. ಈ ಮನೆಯಲ್ಲಿ ನಾವು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅಂದರೆ ಇದೇ. ಹಗಲು ಮನೆ ನೋಡಲು ಹೋಗುವವರು ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದೆಯಾ ನೋಡಿ. ಹೊಸದಾಗಿ ಸುಣ್ಣ ಬಣ್ಣ ಹೊಡೆದಿದ್ದರೆ ಪಕ್ಕದ ಮನೆಯವರನ್ನು ಕೇಳಿ.

ಬಟ್ಟೆ ಒಣಗಿಸುವ ಜಾಗ ಬೆಡ್‌ರೂಮಿಗಿಂತ ಮುಖ್ಯ. ನಮ್ಮ ಟೆರೇಸಿನ ಅರ್ಧಕ್ಕೆ ಶೀಟ್ ಹಾಕಿದ್ದಾರೆ. ಅಲ್ಲಿ ಹಗ್ಗ ಕಟ್ಟಿದ್ದೇವೆ. ನರ್ಸ್ ಗೆಳತಿಯ ಯೂನಿಫಾರ್ಮ್‌ಗೆ ಯಾವಾಗಲೂ ಮೊದಲ ಜಾಗ, ಉಳಿದವರದ್ದು ಸರದಿ. ಜಗಳ ಅಂತ ಬಂದರೆ ಬಾಡಿಗೆ ದುಡ್ಡಿಗಲ್ಲ, ಒದ್ದೆ ಬಟ್ಟೆಗೇ ಬರುತ್ತದೆ.

ಕರೆಂಟಿನ ವಿಷಯ ಸರಿಯಾಗಿ ತಿಳಿದುಕೊಳ್ಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಮೆಸ್ಕಾಂ ಬಿಲ್ಲಿನಲ್ಲಿರುವ ಖಾತೆಗೆ ಆಧಾರ್ ಜೋಡಿಸಬೇಕು, ಹಿಂದೆ ಇದ್ದವರ ಆಧಾರ್ ಇದ್ದರೆ ತೆಗೆಸಬೇಕು. ಆದರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಂತಲ್ಲ. ಹಿಂದಿನ ಬಳಕೆಯ ಸರಾಸರಿ ನೋಡಿ ಒಂದು ಮಿತಿ ಇಟ್ಟಿರುತ್ತಾರೆ. ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. ನಾಲ್ವರಿಗೆ ತಲಾ ಕಾಲು ಗಂಟೆ ಅಂದರೂ ದಿನಕ್ಕೆ 2, ತಿಂಗಳಿಗೆ 60 ಯೂನಿಟ್ ಬಿಸಿನೀರಿಗೇ ಹೋಯಿತು. ಟೆರೇಸಿನ ಮೇಲೆ ಸೋಲಾರ್ ಇದೆ, ಮಳೆಗಾಲದಲ್ಲಿ ಅದನ್ನು ನಂಬುವ ಹಾಗಿಲ್ಲ. ಗ್ಯಾಸ್ ಗೀಸರ್ ಹಾಕಿಸಿಕೊಡ್ತೀನಿ ಅಂತ ಆಂಟಿ ಹೇಳಿದರು. ಬೇಡ ಅಂದೆವು. ಚಳಿಗೆ ಕಿಟಕಿ ಮುಚ್ಚಿಕೊಳ್ಳುವ ಸಣ್ಣ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ಜೀವಕ್ಕೇ ಅಪಾಯ.

ಅಡುಗೆಮನೆ ಬಗ್ಗೆ ನನಗೆ ದೂರೇ ಇಲ್ಲ. ಶುರುವಿನಲ್ಲಿ 5 ಕೆಜಿ ಸಿಲಿಂಡರ್ ತಂದೆವು, ಅದಕ್ಕೆ ವಿಳಾಸದ ದಾಖಲೆ ಬೇಕಿಲ್ಲ, ಗುರುತಿನ ಚೀಟಿ ಸಾಕು. ಎಲ್ಲರ ಊರಿಂದಲೂ ಏನಾದರೂ ಬರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ, ಕೆಸುವಿನ ಎಲೆ, ಮಳೆ ಶುರುವಾದ ಮೇಲೆ ಕಳಲೆ. ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಬಿಸಿ ಅಕ್ಕಿರೊಟ್ಟಿ ತೆಗೆದಿಟ್ಟಿರುವುದು ಯಾವ ಪಿಜಿಯಲ್ಲೂ ನನಗೆ ಸಿಕ್ಕಿರಲಿಲ್ಲ. ಒಣಮೀನು ಹುರಿಯುವ ದಿನ ಸೊರಬದವಳು ಟೆರೇಸಿನಲ್ಲಿ ಕೂತು ಓದುತ್ತಾಳೆ. ಅವಳ ಏಕಾದಶಿ ದಿನ ನಾವು ಒಲೆ ಬಿಟ್ಟುಕೊಡುತ್ತೇವೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿ ಆ ಪಶ್ಚಿಮದ ಗೋಡೆಯದ್ದು. ಕರಾರು ಮತ್ತೆ 11 ತಿಂಗಳಿಗೆ ಮಾಡಿಸಿದ್ದೇವೆ, ಶೇ 5 ಏರಿಸಿ 12,600 ಆಗಿದೆ. ಅದಕ್ಕೆ ಒಪ್ಪುವಾಗ ಗೋಡೆಯ ಹೊರಗೆ ವಾಟರ್‌ಪ್ರೂಫ್ ಬಣ್ಣ, ಕಿಟಕಿಯ ಮೇಲೆ ಒಂದು ಶೀಟು, ಎರಡೂ ಮೇ ಮುಗಿಯುವುದರೊಳಗೆ ಆಗಬೇಕು ಅಂತ ಕರಾರಿನಲ್ಲೇ ಬರೆಸಿದ್ದೇವೆ.