ಓಲ್ಡ್ ಗೋವಾ ಫೆಸ್ತಿಗೆ "ದರ್ಶನ ಪಾಸ್" ಅಂತ ದುಡ್ಡು ಕೇಳಿದರೆ ಒಂದು ಪೈಸೆ ಕೊಡಬೇಡಿ

ಮೊದಲೇ ಹೇಳಿಬಿಡ್ತೀನಿ. ಸಂತ ಫ್ರಾನ್ಸಿಸ್ ಝೇವಿಯರ್ ಶರೀರ ಇಟ್ಟಿರೋ ಓಲ್ಡ್ ಗೋವಾದ ಚರ್ಚು, ಅಂದರೆ ಬಾಮ್ ಜೀಸಸ್ ಬೆಸಿಲಿಕಾದ ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಡಿಸೆಂಬರ್ 3ರ ಫೆಸ್ತಿನ (ಸಂತರ ಹಬ್ಬದ) ದಿನವೂ ಇಲ್ಲ, ನವೆಂಬರ್ 24ರಿಂದ ನಡೆಯೋ ನೊವೆನಾ ಪ್ರಾರ್ಥನೆಯ ಒಂಬತ್ತು ದಿನವೂ ಇಲ್ಲ. ಸಾಲಿನಲ್ಲಿ ನಿಂತರೆ ಆಯ್ತು, ಅಷ್ಟೇ. ಇದೆಲ್ಲ ಗೊತ್ತಿದ್ದೂ ತಲೆಗೆ 650 ರೂಪಾಯಿ ಲೆಕ್ಕದಲ್ಲಿ ಹನ್ನೊಂದು ಜನರ "ದರ್ಶನ ಪಾಸ್"ಗೆ ಒಬ್ಬ ಟೂರ್‌ನವನಿಗೆ 7,150 ಕಳಿಸಿದೆವು. ಬಸ್ಸು, ರೂಮಿನ ದುಡ್ಡು ಬೇರೆ. ನಾಚಿಕೆ ಆಗ್ತದೆ, ಆದರೂ ಬರೀತಿದೀನಿ.

ಮೋಸ ನಡೆಯೋದು ಎಲ್ಲಿ ಅಂದರೆ, ಫೆಸ್ತು ಬೇರೆ, ಶರೀರದ ಪ್ರದರ್ಶನ ಬೇರೆ ಅನ್ನೋದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಫೆಸ್ತು ಪ್ರತಿ ವರ್ಷ ಬರ್ತದೆ. ಸಂತ ಫ್ರಾನ್ಸಿಸ್ ಝೇವಿಯರ್ ತೀರಿಕೊಂಡದ್ದು 1552ರ ಡಿಸೆಂಬರ್ 3ಕ್ಕೆ, ಅದಕ್ಕೇ ಆ ದಿನ. ಸಮಾಧಿಯ ಮೇಲಿಟ್ಟಿರೋ ಅವರ ಶರೀರವನ್ನು ಕೆಳಗಿಳಿಸಿ ಹತ್ತಿರದಿಂದ ತೋರಿಸೋದು ಮಾತ್ರ ಹತ್ತು ವರ್ಷಕ್ಕೊಮ್ಮೆ. ಆಗ ಅದನ್ನು ಮೆರವಣಿಗೆಯಲ್ಲಿ ಎದುರಿನ ಸೇ ಕೆಥೆಡ್ರಲ್‌ಗೆ ಒಯ್ದು ಅಲ್ಲಿಡ್ತಾರೆ. ಕೊನೆಯ ಸಲ ಆದದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ. ಅದಕ್ಕೂ ಹಿಂದಿನದು 2014ರಲ್ಲಿ ಶುರುವಾಗಿದ್ದು. ಲೆಕ್ಕ ಹಾಕಿಕೊಳ್ಳಿ, ಮುಂದಿನದು ಯಾವಾಗ ಅಂತ.

ನಮ್ಮನ್ನು ಕರ್ಕೊಂಡು ಹೋದದ್ದು 2025ರ ಡಿಸೆಂಬರಿನಲ್ಲಿ!

"ಹೋದ ವರ್ಷ ಗದ್ದಲದಾಗ ಭಾಳ ಮಂದಿಗೆ ಸಿಗಲಿಲ್ರಿ ಸರ, ಅದಕ್ಕ ಈ ವರ್ಷನೂ ಫೆಸ್ತಿಗೆ ಇಳಸ್ತಾರ, ಪಾಸ್ ಇದ್ದವ್ರಿಗೆ ಅಷ್ಟ" ಅಂದಿದ್ದ ಟೂರ್‌ನವನು. ಜೊತೆಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ. ಗಾಜಿನ ಪೆಟ್ಟಿಗೆ, ಪಕ್ಕದಲ್ಲೇ ಜನ, ಹಿಂದೆ ಬಂಗಾರದ ಬಣ್ಣದ ಬಲಿಪೀಠ. ಆ ಫೋಟೋನ ಆಗಲೇ ಸರಿಯಾಗಿ ನೋಡಿದ್ದರೆ ಸಾಕಿತ್ತು. ಬಾಮ್ ಜೀಸಸ್‌ನ ಬಲಿಪೀಠದ ನಡುವೆ ಸಂತ ಇಗ್ನೇಷಿಯಸ್ ಲೊಯೋಲಾರ ದೊಡ್ಡ ಪ್ರತಿಮೆ ಇದೆ, ಕಣ್ಣಿಗೆ ಹೊಡೆಯೋ ಹಾಗೆ. ಫೋಟೋದಲ್ಲಿ ಅದಿಲ್ಲ, ಯಾಕಂದರೆ ಅದು ಹಿಂದಿನ ವರ್ಷದ ಫೋಟೋ, ಸೇ ಕೆಥೆಡ್ರಲ್‌ನದು. ಆ ಜಾಗ ಮೊದಲೇ ನೋಡಿದವರು ನಾವು! ಆದರೂ ತಲೆಗೆ ಹೋಗಲಿಲ್ಲ.

ಪಾಸು ಅಂದರೆ ಏನು ಗೊತ್ತಾ? ಕೊರಳಿಗೆ ಹಾಕೋ ನೀಲಿ ಟೇಪು, ಲ್ಯಾಮಿನೇಟ್ ಮಾಡಿದ ಕಾರ್ಡು, ಮೂಲೆಯಲ್ಲಿ ಮಿಂಚೋ ಸ್ಟಿಕ್ಕರ್. ಸಾಲಿನ ಹತ್ತಿರ ನಿಂತಿದ್ದ ಸ್ವಯಂಸೇವಕ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ವಾಪಸ್ ಕೊಟ್ಟು, ಸಾಲಿನ ತುದಿ ಕಡೆ ಕೈ ತೋರಿಸಿದ. ಬಯ್ಯಲಿಲ್ಲ, ನಗಲೂ ಇಲ್ಲ. ಮುಂದೆ ಎಲ್ಲರ ಜೊತೆ ಸಾಲು, ಕೊರಳಲ್ಲಿ ಆ ನೀಲಿ ಟೇಪು. ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳೋಕೂ ಸ್ವಲ್ಪ ಹೊತ್ತು ಹಿಡೀತು. ಬೆಳಗಾವಿ, ಕಾರವಾರದಿಂದ ದಿನಗಟ್ಟಲೆ ನಡ್ಕೊಂಡು ಬರೋರು ಇದೇ ಸಾಲಿನಲ್ಲಿ ಪುಕ್ಕಟೆ ನಿಲ್ತಾರೆ.

ಒಳಗೆ ಕಂಡದ್ದು ಪ್ರತಿ ವರ್ಷ ಕಾಣೋದೇ. ಬಲಿಪೀಠದ ಬಲಗಡೆ ಸಮಾಧಿ, ಬಣ್ಣಬಣ್ಣದ ಅಮೃತಶಿಲೆ, ಸುತ್ತ ಕಂಚಿನ ಫಲಕಗಳು. ಫ್ಲಾರೆನ್ಸ್‌ನಲ್ಲಿ ಮಾಡಿಸಿ ತಂದು 1698ರಲ್ಲಿ ನಿಲ್ಲಿಸಿದ್ದು. ಅದರ ಮೇಲೆ, ತಲೆ ಎತ್ತಿ ನೋಡೋ ಎತ್ತರದಲ್ಲಿ, ಗೋವಾದ ಅಕ್ಕಸಾಲಿಗರು ಮಾಡಿದ ಬೆಳ್ಳಿ ಪೆಟ್ಟಿಗೆ, ಶರೀರ ಅದರೊಳಗೆ. ಕೆಳಗೆ ನಿಂತವರಿಗೆ ಕಾಣೋದು ಆ ಬೆಳ್ಳಿ ಕೆಲಸವೇ. ನೋಡೋಕೆ ಚೆಂದ, ಸುಳ್ಳು ಹೇಳಲ್ಲ. ಆದರೆ "ಇಳಸ್ತಾರ" ಅಂದಿದ್ದನಲ್ಲ?

ಅಲ್ಲಿಂದಲೇ ಫೋನ್ ಮಾಡಿದರೆ ಉತ್ತರ ಹೀಗಿತ್ತು: "ದರ್ಶನ ಆತಿಲ್ರಿ? ಪಾಸ್‌ನಾಗ ದರ್ಶನ ಅಂತ ಬರದೇವಿ. ಇಳಸ್ತಾರ ಅಂತ ಎಲ್ಲಿ ಬರದೇವಿ ತೋರಸ್ರಿ."

ಬರೆದಿಲ್ಲ ನಿಜ. ಫೋನಲ್ಲಿ ಹೇಳಿದ್ದು. ಅದಕ್ಕೇ ಇಂಥವರು ಮುಖ್ಯವಾದದ್ದನ್ನೆಲ್ಲ ಫೋನಲ್ಲೇ ಹೇಳೋದು.

ಇನ್ನು ರೂಮು. "ಬೆಸಿಲಿಕಾದಿಂದ ಎರಡೇ ಕಿಲೋಮೀಟರ್ರಿ." ದೂರ ಹೆಚ್ಚುಕಡಿಮೆ ಸರಿ, ಆದರೆ ನಡುವೆ ಮಾಂಡೋವಿ ಹೊಳೆ! ಮನೆ ಇದ್ದದ್ದು ದಿವಾರ್ ದ್ವೀಪದಲ್ಲಿ. ವೈಸ್‌ರಾಯ್ ಕಮಾನಿನ ಕೆಳಗೆ ಹಾದು ದಡಕ್ಕೆ ಹೋಗಿ ಫೆರಿ ಹತ್ತಬೇಕು, ಫೆಸ್ತಿನ ಗದ್ದಲದಲ್ಲಿ, ಮೊಣಕಾಲು ನೋವಿನ ಇಬ್ಬರು ಹಿರಿಯರನ್ನು ಕಟ್ಟಿಕೊಂಡು. ಅದಕ್ಕೂ ಉತ್ತರ ರೆಡಿ ಇತ್ತು: "ಬೋಟಿಂಗ್ ಫ್ರೀ ಆತಲ್ರಿ ಸರ." ಇದನ್ನು ಓದಿ ಯಾರಾದರೂ ನಕ್ಕರೆ ಬೇಜಾರಿಲ್ಲ, ನಮಗೂ ಈಗ ಸ್ವಲ್ಪ ನಗು ಬರ್ತದೆ. ಆಗ ಬರಲಿಲ್ಲ.

ಹೋಗೋರು ಇವರ ಹಂಗಿಲ್ಲದೆ ಹೋಗಬಹುದು. ಕೊಂಕಣ ರೈಲ್ವೆಯ ಕರ್ಮಾಳಿ ಸ್ಟೇಷನ್‌ನಲ್ಲಿ ಇಳಿದರೆ ಓಲ್ಡ್ ಗೋವಾ ಪಕ್ಕದಲ್ಲೇ. ಪಣಜಿಯಿಂದಾದರೆ ಹತ್ತು ಕಿಲೋಮೀಟರ್, ಕದಂಬ ಬಸ್ ಸ್ಟ್ಯಾಂಡಿನಿಂದ ಬಸ್ಸಿದೆ. ತಂಗೋದು ಪಣಜಿಯಲ್ಲೇ ಇಟ್ಟುಕೊಳ್ಳಿ. ರೂಮಿನವರು "ಎರಡು ಕಿಲೋಮೀಟರ್" ಅಂದರೆ ಹೊಳೆ ಯಾವ ಕಡೆ ಅಂತ ಮ್ಯಾಪಿನಲ್ಲಿ ನೋಡಿ. ಡಿಸೆಂಬರ್ 3 ಗೋವಾದಲ್ಲಿ ಸರ್ಕಾರಿ ರಜೆ, ಜನ ಕಿಕ್ಕಿರಿದಿರ್ತಾರೆ. ಬೆಳಗಿನ ಜಾವ ಹೋಗಿ, ಇಲ್ಲಾಂದರೆ ನೊವೆನಾದ ದಿನಗಳಲ್ಲಿ ಯಾವತ್ತಾದರೂ ಹೋಗಿ. ತೋಳಿಲ್ಲದ ಬಟ್ಟೆ, ಚಡ್ಡಿ ಬೇಡ. ರಸ್ತೆಯಲ್ಲಿ ಹರಕೆಗೆ ಮೇಣದ ಕೈಕಾಲು, ಬತ್ತಿ ಮಾರೋರು ಸಿಗ್ತಾರೆ, ಕೈಗೆ ತಗೊಳ್ಳೋ ಮುಂಚೆ ರೇಟು ಕೇಳಿ. ಪಾಸು ಯಾರ ಹತ್ತಿರವೂ ಕೇಳಬೇಡಿ. ಇಲ್ಲವೇ ಇಲ್ಲ ಅದು.

ಮೂರು ವಾರ ಕಾಡಿದ ಮೇಲೆ 7,150ರಲ್ಲಿ 1,100 ವಾಪಸ್ ಬಂದಿದೆ, "ಟೇಪಿನ ಡೆಪಾಸಿಟ್ ರೀ" ಅಂತ. ಟೇಪುಗಳನ್ನು ಕೊರಿಯರ್ ಮಾಡಿ ಅಂತ ಈಗ ದಿನಾ ಮೆಸೇಜು.