ಎರಡು ಕೇಬಲ್ ಹಾಕಿದೆ, ವೇಗ ಎರಡರಷ್ಟಾಗಲಿಲ್ಲ

ಕಡತಗಳನ್ನಿಡುವ ಸರ್ವರ್‌ನಲ್ಲಿ ಎರಡು ಗಿಗಾಬಿಟ್ ಪೋರ್ಟ್‌ಗಳಿದ್ದವು, ಒಂದು ಸುಮ್ಮನೆ ಬಿದ್ದಿತ್ತು. ಯಂತ್ರಗಳನ್ನು ಜಾಲಕ್ಕೆ ಜೋಡಿಸುವ ಸ್ವಿಚ್‌ನಲ್ಲಿಯೂ ಜಾಗವಿತ್ತು. ಒಂದಕ್ಕೆ ಒಂದು ಸೇರಿದರೆ ಎರಡು ಎಂಬ ಧೈರ್ಯದಲ್ಲಿ ಹಲವು ಕೇಬಲ್‌ಗಳನ್ನು ಒಂದೇ ಕೊಂಡಿಯಂತೆ ಬಳಸುವ ಲಿಂಕ್ ಅಗ್ರಿಗೇಶನ್‌ಗೆ ಕೈಹಾಕಿದೆ. ಇದಕ್ಕೆಂದೇ ಲಿನಕ್ಸ್‌ನಲ್ಲಿರುವ ಬಾಂಡಿಂಗ್ ಎಂಬ ಸೌಲಭ್ಯ ಏಳು ಬಗೆಯ ಜೋಡಣೆಗಳನ್ನು ಕೊಡುತ್ತದೆ. ಅವುಗಳಲ್ಲಿ ನಾಲ್ಕನ್ನು ಒಂದೊಂದಾಗಿ ಪರೀಕ್ಷಿಸಿದೆ.

ಮೊದಲು ಸ್ಟ್ಯಾಟಿಕ್. ಸ್ವಿಚ್‌ನಲ್ಲಿ ಎರಡು ಪೋರ್ಟ್‌ಗಳನ್ನು ಗುಂಪು ಮಾಡಿ, ಸರ್ವರ್‌ನಲ್ಲಿಯೂ ಹಾಗೆಯೇ ಹೇಳಿದರೆ ಕೆಲಸ ಮುಗಿಯಿತು. ದೊಡ್ಡ ಕಡತವೊಂದನ್ನು ನಕಲಿಸಿದೆ: ಸೆಕೆಂಡಿಗೆ ಸುಮಾರು 940 ಮೆಗಾಬಿಟ್, ಒಂದೇ ಕೇಬಲ್ ಇದ್ದಾಗ ಬರುತ್ತಿದ್ದಷ್ಟೇ. ಎರಡನೆಯ ಪೋರ್ಟ್‌ನ ದೀಪ ಆಗೊಮ್ಮೆ ಈಗೊಮ್ಮೆ ಮಿನುಗುತ್ತಿತ್ತು. ಇದು ದೋಷವಲ್ಲ. ದತ್ತಾಂಶದ ತುಣುಕುಗಳಾದ ಪ್ಯಾಕೆಟ್‌ಗಳ ಕ್ರಮ ಕೆಡಬಾರದೆಂದು ಒಂದು ಸಂಪರ್ಕದ ಎಲ್ಲ ಪ್ಯಾಕೆಟ್‌ಗಳನ್ನೂ ಒಂದೇ ಕೇಬಲ್‌ನಲ್ಲಿ ಕಳುಹಿಸಲಾಗುತ್ತದೆ.

ಸ್ಟ್ಯಾಟಿಕ್ ಜೋಡಣೆಯ ನಿಜವಾದ ತೊಂದರೆ ಬೇರೆ. ಒಂದು ದಿನ ಗುಂಪಿನ ಪೋರ್ಟ್‌ಗೆ ತಪ್ಪಿ ಬೇರೊಂದು ಕಂಪ್ಯೂಟರ್‌ನ ಕೇಬಲ್ ಚುಚ್ಚಿದೆ. ಸ್ವಿಚ್ ಏನನ್ನೂ ವಿಚಾರಿಸದೆ ಸರ್ವರ್‌ಗೆ ಹೋಗಬೇಕಾದ ಪ್ಯಾಕೆಟ್‌ಗಳಲ್ಲಿ ಒಂದು ಪಾಲನ್ನು ಅತ್ತ ತಳ್ಳತೊಡಗಿತು. ಒಂದು ಯಂತ್ರಕ್ಕೆ ಸರ್ವರ್ ಸಿಗುತ್ತಿತ್ತು, ಪಕ್ಕದ ಯಂತ್ರಕ್ಕೆ ಸಿಗುತ್ತಿರಲಿಲ್ಲ. ಇಂಥ ಅರೆಬರೆ ಕಾಯಿಲೆಯನ್ನು ಪತ್ತೆಹಚ್ಚುವುದು ಪೂರ್ತಿ ಕೆಟ್ಟದ್ದನ್ನು ಸರಿಪಡಿಸುವುದಕ್ಕಿಂತ ಕಷ್ಟ.

ಅದೇ ತಪ್ಪನ್ನು ಎಲ್‌ಎಸಿಪಿ ಎಂಬ ಎರಡನೆಯ ಬಗೆಯ ಜೋಡಣೆ ಹಾಕಿ ಬೇಕೆಂದೇ ಮತ್ತೆ ಮಾಡಿದೆ. ಆ ಪೋರ್ಟ್ ಗುಂಪಿಗೆ ಸೇರಲೇ ಇಲ್ಲ, ಸರ್ವರ್ ಎಲ್ಲರಿಗೂ ಸಿಕ್ಕಿತು. 2000ರಲ್ಲಿ 802.3ಎಡಿ ಎಂದು ಬಂದು, 2008ರಲ್ಲಿ 802.1ಎಎಕ್ಸ್‌ಗೆ ಸ್ಥಳಾಂತರಗೊಂಡ ಈ ಮಾನಕದಲ್ಲಿ ಎರಡೂ ತುದಿಗಳು ಮಾತನಾಡಿಕೊಳ್ಳುತ್ತವೆ: ನಿಧಾನ ಗತಿಯಲ್ಲಿ 30 ಸೆಕೆಂಡಿಗೊಮ್ಮೆ, ವೇಗದ ಗತಿಯಲ್ಲಿ ಸೆಕೆಂಡಿಗೊಮ್ಮೆ. ಮೂರು ಅವಧಿ ಕಳೆದರೂ ಉತ್ತರ ಬರದಿದ್ದರೆ ಆ ಕೇಬಲ್ ಗುಂಪಿನಿಂದ ಹೊರಗೆ. ಕೇಬಲ್ ಕಿತ್ತರೆ ಸ್ವಿಚ್‌ಗೆ ತಕ್ಷಣ ತಿಳಿಯುತ್ತದೆ, ಆದರೆ ನಡುವೆ ತಾಮ್ರದ ಕೇಬಲನ್ನು ಫೈಬರ್‌ಗೆ ಬೆಸೆಯುವ ಮೀಡಿಯಾ ಕನ್ವರ್ಟರ್ ಇದ್ದು ಅದರಾಚೆಯ ಕೊಂಡಿ ಕಡಿದಾಗ 90 ಸೆಕೆಂಡ್ ಕಾಯುವುದಕ್ಕೂ 3 ಸೆಕೆಂಡ್ ಕಾಯುವುದಕ್ಕೂ ವ್ಯತ್ಯಾಸ ಬಹಳ. ಒಂದು ಎಚ್ಚರಿಕೆ: ಎರಡೂ ಬದಿಯನ್ನು ಪ್ಯಾಸಿವ್ ಮಾಡಿದರೆ ಬಿಗುಮಾನದ ಬೀಗರಂತೆ ಇಬ್ಬರೂ ಮೊದಲು ಬಾಯಿ ತೆರೆಯುವುದಿಲ್ಲ, ಗುಂಪು ಕಟ್ಟುವುದೇ ಇಲ್ಲ.

ವೇಗ? ಒಂದು ಕಡತಕ್ಕೆ ಮತ್ತೆ ಅದೇ 940. ಎರಡು ಕಂಪ್ಯೂಟರ್‌ಗಳಿಂದ ಒಟ್ಟಿಗೆ ಓದಿದಾಗಲೂ ಮೊತ್ತ 940 ದಾಟದಿದ್ದದ್ದು ನನ್ನನ್ನು ಕೆಣಕಿತು. ಕಾರಣ ಸಿಕ್ಕಿದಾಗ ನಗು ಬಂತು. ಬಾಂಡಿಂಗ್ ಪೂರ್ವನಿಯೋಜಿತವಾಗಿ ನೆಟ್‌ವರ್ಕ್ ಕಾರ್ಡ್‌ಗಳ ಗುರುತಾದ ಮ್ಯಾಕ್ ವಿಳಾಸಗಳ ಕೊನೆಯ ಬೈಟ್ ನೋಡಿ ದಾರಿ ಆರಿಸುತ್ತದೆ. ನನ್ನ ಎರಡೂ ಕಂಪ್ಯೂಟರ್‌ಗಳ ಕೊನೆಯ ಬೈಟ್ ಸಮಸಂಖ್ಯೆ, ಕೇಬಲ್‌ಗಳು ಎರಡೇ. ಹಾಗಾಗಿ ಇಬ್ಬರೂ ಒಂದೇ ಓಣಿಗೆ ಬಿದ್ದಿದ್ದರು! ಐಪಿ ವಿಳಾಸ ಮತ್ತು ಸಂಪರ್ಕವನ್ನು ಗುರುತಿಸುವ ಪೋರ್ಟ್ ಸಂಖ್ಯೆ (ಕೇಬಲ್ ಚುಚ್ಚುವ ಪೋರ್ಟ್ ಅಲ್ಲ) ಎರಡನ್ನೂ ಪರಿಗಣಿಸುವ ನೀತಿಗೆ ಬದಲಿಸಿ, ಪ್ರತಿ ಕಂಪ್ಯೂಟರ್‌ಗೂ ಹಲವು ಸಂಪರ್ಕಗಳನ್ನು ತೆರೆದಾಗ ಒಟ್ಟು ವೇಗ ಬಹುತೇಕ ಇಮ್ಮಡಿಯಾಯಿತು. ಅದೂ ಓದುವಾಗ ಮಾತ್ರ. ಬರೆಯುವಾಗ ಸರ್ವರ್‌ನತ್ತ ಯಾವ ಕೇಬಲ್ ಎಂದು ನಿರ್ಧರಿಸುವುದು ಸ್ವಿಚ್. ಪ್ರತಿಯೊಂದು ತುದಿಯೂ ತಾನು ಕಳುಹಿಸುವುದನ್ನಷ್ಟೇ ಹಂಚಬಲ್ಲದು, ಮತ್ತು ನನ್ನ ಸ್ವಿಚ್‌ಗೆ ಮ್ಯಾಕ್ ವಿಳಾಸದಾಚೆ ಏನೂ ಕಾಣದು. ಸ್ವಿಚ್ ಕೊಳ್ಳುವವರು ಎಲ್‌ಎಸಿಪಿ ಇದೆಯೇ ಎಂದಷ್ಟೇ ಕೇಳದೆ ಅದು ಯಾವುದನ್ನು ನೋಡಿ ಹಂಚುತ್ತದೆ ಎಂದೂ ಕೇಳಬೇಕು.

ಸರದಿಯಂತೆ ಒಂದೊಂದು ಪ್ಯಾಕೆಟ್ ಕಳುಹಿಸುವ ರೌಂಡ್ ರಾಬಿನ್ ಮಾತ್ರ ಒಂದೇ ಸಂಪರ್ಕವನ್ನು ಎರಡು ಕೇಬಲ್‌ಗಳಿಗೆ ಹಂಚುತ್ತದೆ. ಸ್ವಿಚ್ ಬಿಟ್ಟು ಎರಡು ಯಂತ್ರಗಳನ್ನು ನೇರವಾಗಿ ಜೋಡಿಸಿ ನೋಡಿದೆ. ಒಂದೂವರೆ ಗಿಗಾಬಿಟ್ ದಾಟಿತು, ಎರಡನ್ನು ಮುಟ್ಟಲಿಲ್ಲ. ಪ್ಯಾಕೆಟ್‌ಗಳು ಹಿಂದುಮುಂದಾಗಿ ತಲುಪಿ, ಎಲ್ಲವೂ ತಲುಪಿತೇ ಎಂದು ನೋಡಿಕೊಳ್ಳುವ ಟಿಸಿಪಿ ಅದನ್ನು ನಷ್ಟವೆಂದು ಭಾವಿಸಿ ಮರುಕಳುಹಿಸುತ್ತಿತ್ತು. ನಡುವೆ ಸ್ವಿಚ್ ಬಂದರೆ ಈ ಲಾಭವೂ ಇಲ್ಲ, ಅದು ತನ್ನ ಲೆಕ್ಕದಂತೆ ಎಲ್ಲವನ್ನೂ ಮತ್ತೆ ಒಂದೇ ಕೇಬಲ್‌ಗೆ ಸೇರಿಸುತ್ತದೆ.

ಆಕ್ಟಿವ್-ಬ್ಯಾಕಪ್ ವೇಗದ ಆಸೆಯನ್ನೇ ತೋರಿಸುವುದಿಲ್ಲ. ಒಂದು ಕೇಬಲ್ ದುಡಿಯುತ್ತದೆ, ಇನ್ನೊಂದು ಕಾಯುತ್ತದೆ. ಸ್ವಿಚ್‌ನಲ್ಲಿ ಯಾವ ಬದಲಾವಣೆಯೂ ಬೇಡ. ಎರಡು ಕೇಬಲ್‌ಗಳನ್ನು ಎರಡು ಬೇರೆ ಸಾಮಾನ್ಯ ಸ್ವಿಚ್‌ಗಳಿಗೆ ಚುಚ್ಚಬಹುದು. ಎಲ್‌ಎಸಿಪಿಯಲ್ಲಿ ಹಾಗೆ ಮಾಡಲು ಆ ಸ್ವಿಚ್‌ಗಳೇ ತಮ್ಮೊಳಗೆ ಒಂದಾಗಿ ವರ್ತಿಸುವ ಬಗೆಯವಾಗಿರಬೇಕು.

ಕೊನೆಗೆ ನನ್ನ ಮೂಲ ಆಸೆಯನ್ನು ತೀರಿಸಿದ್ದು ಇವುಗಳಲ್ಲಿ ಯಾವುದೂ ಅಲ್ಲ. 2016ರ 802.3ಬಿಝಡ್ ಮಾನಕದ 2.5 ಗಿಗಾಬಿಟ್ ಕಾರ್ಡ್‌ಗಳನ್ನು ಎರಡೂ ತುದಿಗೆ ಹಾಕಿ, ಸ್ವಿಚ್ ಬದಲಿಸಿದೆ. ಹಳೆಯ ಕ್ಯಾಟ್ 5ಇ ಕೇಬಲ್ ಹಾಗೆಯೇ ಉಳಿಯಿತು. ಒಂದೇ ಕಡತ, ಒಂದೇ ಸಂಪರ್ಕ, ಸುಮಾರು 2.35 ಗಿಗಾಬಿಟ್. ಎಲ್‌ಎಸಿಪಿ ಈಗ ಎರಡು ಸ್ವಿಚ್‌ಗಳ ನಡುವೆ ಮಾತ್ರ ಉಳಿದಿದೆ. ಅಲ್ಲಿ ಹತ್ತಾರು ಯಂತ್ರಗಳ ಸಂಚಾರ ತಾನಾಗಿಯೇ ಹರಡಿಕೊಳ್ಳುತ್ತದೆ. ಎರಡೂ ಬದಿ ಆಕ್ಟಿವ್, ವೇಗದ ಗತಿ.